ಕಾಫಿ ಮೆಷಿನ್ನಿನ ರಬ್ಬರ್ ಚಪ್ಪಲಿ

ಮೂರು ಪಿನ್ನಿನ ಒಳ್ಳೆಯ ಪ್ಲಗ್ಗಿಗೆ ಎರಡು ಲೋಟ ಕಾಫಿಯ ದುಡ್ಡು ಸಾಕು. ಅದನ್ನು ಕೂರಿಸಲು ಇಪ್ಪತ್ತು ನಿಮಿಷ. ಆದರೆ ಅದನ್ನು ಕೂರಿಸದೆ ಕಾಲ ತಳ್ಳಲು ಆ ಕಚೇರಿಗೆ ಐದು ತಿಂಗಳು, ಮೂರು ಸಭೆ, ಒಂದು ಸುತ್ತೋಲೆ ಮತ್ತು ನಾಲ್ಕು ಜೊತೆ ರಬ್ಬರ್ ಚಪ್ಪಲಿ ಖರ್ಚಾದವು.

ಚಪ್ಪಲಿಯ ವಿಷಯ ಮೊದಲೇ ಹೇಳಿಬಿಡಬೇಕು. ಕಚೇರಿಯ ಕಾರಿಡಾರಿನಲ್ಲಿ ದುಡ್ಡು ಹಾಕಿದರೆ ಕಾಫಿ, ಬಿಸ್ಕತ್ತು ಕೊಡುವ ಮೆಷಿನ್ನು ಇತ್ತು. ಮುಟ್ಟಿದರೆ ಜುಮ್ ಎನ್ನುತ್ತಿತ್ತು. ಮೊದಲ ವಾರ ಜನ ಕಿರುಚಿದರು. ಎರಡನೆಯ ವಾರ ರೂಢಿಯಾಯಿತು. ಮೂರನೆಯ ವಾರ, ರಬ್ಬರ್ ಚಪ್ಪಲಿ ಹಾಕಿಕೊಂಡು ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ ಎಂಬುದನ್ನು ಕಚೇರಿಯ ಸಾಮಾನು ನೋಡಿಕೊಳ್ಳುವ ಸ್ಟೋರಿನವರು ಕಂಡುಹಿಡಿದರು. ಅವತ್ತಿನಿಂದ ತಾಪತ್ರಯ ಮೆಷಿನ್ನಿನದಾಗಿ ಉಳಿಯಲಿಲ್ಲ, ಚಪ್ಪಲಿಯದಾಯಿತು. ಯಾವ ಸೈಜು, ಎಷ್ಟು ಜೊತೆ, ಹೆಂಗಸರಿಗೆ ಬೇರೆಯೋ ಒಂದೇಯೋ ಎಂದು ಸಭೆಗಳಾದವು. ಕೊನೆಗೆ ಗೋಡೆಗೆ ಸುತ್ತೋಲೆ ಬಿತ್ತು: "ಯಂತ್ರವನ್ನು ಬಳಸುವ ಸಿಬ್ಬಂದಿಯು ಪಾದರಕ್ಷೆ ಬದಲಿಸತಕ್ಕದ್ದು. ಬಳಸಿದ ನಂತರ ಜೊತೆ ತಪ್ಪದಂತೆ ಇಡತಕ್ಕದ್ದು."

ಟೆಸ್ಟರಪ್ಪನನ್ನು ಕರೆಸಿದ್ದು ಜುಮ್ ಎನ್ನುವುದನ್ನು ನಿಲ್ಲಿಸಲಿಕ್ಕಲ್ಲ. ಪ್ಲಗ್ಗು ಸುಟ್ಟು ಕರಕಲಾಗಿ ಕಾಫಿ ನಿಂತುಹೋಗಿತ್ತು, ಅದಕ್ಕೆ. ಜೇಬಿನಲ್ಲಿ ಸದಾ ಟೆಸ್ಟರ್ ಇರುತ್ತಿದ್ದುದರಿಂದ ಅವನಿಗೆ ಆ ಹೆಸರು. ನಿಜವಾದ ಹೆಸರನ್ನು ಹೆಂಡತಿ ಸಿಟ್ಟು ಬಂದಾಗ ಮಾತ್ರ ನೆನಪಿಸಿಕೊಳ್ಳುತ್ತಿದ್ದಳು. ಈ ಕಚೇರಿಯ ಕರೆಂಟಿನ ಕೆಲಸವೆಲ್ಲ ವರ್ಷದ ಕರಾರಿನ ಮೇಲೆ ಅವನದೇ. ಮನೆ ನಡೆಯುವುದು ಅರ್ಧ ಅದರಿಂದಲೇ. ಅವನ ಅಕ್ಕ ಅಲ್ಲೇ ಕಸ ಗುಡಿಸಿ ನೆಲ ಒರೆಸುವ ಕೆಲಸದಲ್ಲಿದ್ದಳು.

ಅವನು ಪ್ಲಗ್ಗನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಎರಡು ಸಣ್ಣ ಪಿನ್ನು ಇದ್ದವು. ಮೇಲಿನ ದಪ್ಪ ಪಿನ್ನು ಬುಡಮಟ್ಟ ಹೋಗಿತ್ತು.

"ಇದ್ಯಾರು ಕೊಯ್ದಿದ್ದು?"

"ನಾನೇ," ಎಂದರು ಸ್ಟೋರಿನವರು, ಹೊಗಳಿಕೆಗೆ ಕಾಯುವವರಂತೆ. "ಎಕ್ಸ್‌ಟೆನ್ಷನ್ ಬೋರ್ಡಲ್ಲಿ ಎರಡೇ ತೂತಿತ್ತಪ್ಪ. ಮೂರನೇದು ಎಲ್ಲಿ ಹೋಗ್ಬೇಕು? ಗರಗಸ ತಂದು ನೀಟಾಗಿ ಕೊಯ್ದೆ."

"ಅದು ಪ್ರಾಣ ಉಳಿಸೋ ಪಿನ್ನು ಸ್ವಾಮಿ. ಮೆಷಿನ್ ಮೈಗೆ ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋದು ಅದೇ. ಅದಿಲ್ದಿದ್ರೆ ಮುಟ್ಟಿದವರ ಮೈಯಲ್ಲಿ ಇಳಿಯುತ್ತೆ."

"ಐದು ತಿಂಗಳಿಂದ ದಿನಕ್ಕೆ ಆರು ಕಾಫಿ ಕುಡೀತಿದೀನಿ. ನನ್ನ ಪ್ರಾಣ ಎಲ್ಲಿ ಹೋಗಿದೆ?"

ಸ್ಟೋರಿನವರು ಹೋದ ಮೇಲೆ ಅಕ್ಕ ಬಕೆಟ್ ಕೆಳಗಿಟ್ಟು ಬಲಗೈ ಚಾಚಿದಳು. ಮೊಣಕೈ ನೀಲಿಗಟ್ಟಿತ್ತು.

"ಮೊನ್ನೆ ಒದ್ದೆ ಬಟ್ಟೇಲಿ ಇದನ್ನ ಒರೆಸ್ತಿದ್ದೆ ಕಣೋ. ಹಿಡ್ಕೊಂಡು ಎಳೆದ ಹಾಗಾಯ್ತು. ಬಕೆಟ್ ಒಂದು ಕಡೆ, ನಾನೊಂದು ಕಡೆ."

"ಯಾಕೆ ಹೇಳ್ಲಿಲ್ಲ ಯಾರಿಗೂ?"

"ಹೇಳ್ದೆ. ಚಪ್ಪಲಿ ಹಾಕ್ಕೋಬೇಕಿತ್ತು ಅಂದ್ರು. ಹಾಕ್ಕೊಳ್ಳೋಕೆ ಹೋದ್ರೆ, ಅದು ಸಿಬ್ಬಂದಿಗೆ ಮಾತ್ರ ಅಂದ್ರು. ನಾನು ಸಿಬ್ಬಂದಿ ಅಲ್ವಂತೆ, ಗುತ್ತಿಗೆಯಂತೆ."

ಟೆಸ್ಟರಪ್ಪ ಅವಳ ಕಾಲಿನ ಕಡೆ ನೋಡಿದ. ಒದ್ದೆ ನೆಲ, ಬರಿಗಾಲು, ಕಬ್ಬಿಣದ ಬಕೆಟ್ಟು. ಅಕ್ಕ ಇಷ್ಟು ದಿನ ಬದುಕಿದ್ದೇ ಹೆಚ್ಚು ಎಂದು ಅವನಿಗೆ ಗೊತ್ತಿತ್ತು.

ಅವನು ನೇರ ಸಾಹೇಬರ ಕೋಣೆಗೆ ಹೋದ. ಸಾಹೇಬರು ಸಭೆಗೆ ಹೊರಟು ಕಾಗದ ಜೋಡಿಸುತ್ತಿದ್ದರು.

"ಎರಡು ಪಿನ್ನಿಂದೇ ಒಂದು ಹಾಕಿ ಮುಗಿಸ್ರೀ. ಮೊದಲು ಹೇಗಿತ್ತೋ ಹಾಗೆ."

"ಮೊದಲಿದ್ದದ್ದೇ ತಪ್ಪು ಸಾರ್. ಮೂರು ಪಿನ್ ಸಾಕೆಟ್ಟಿಗೆ ಹಾಕ್ಬೇಕು."

"ಕಾರಿಡಾರಲ್ಲಿ ಅಂಥದ್ದು ಒಂದೇ ಇರೋದು. ಅಲ್ಲಿ ಪ್ರಶಸ್ತಿ ಇದೆ."

ಅದು ನಿಜ. ಮೆಷಿನ್ನಿನ ಪಕ್ಕದಲ್ಲೇ, ಸುತ್ತ ಬಣ್ಣದ ದೀಪ ಮಿನುಗುವ ಗಾಜಿನ ಚೌಕಟ್ಟಿನಲ್ಲಿ, ಕಚೇರಿಗೆ ಹೋದ ವರ್ಷ ಬಂದ ಪ್ರಶಸ್ತಿ ತೂಗುತ್ತಿತ್ತು. ಸುರಕ್ಷತೆಗಾಗಿ ಕೊಟ್ಟದ್ದು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ಇರುವ ಏಕೈಕ ಸಾಕೆಟ್ಟಿನಿಂದ ಅದಕ್ಕೆ ಹಗಲಿಡೀ ಕರೆಂಟು.

"ಹೊಸ ಸಾಕೆಟ್ ಕೂರಿಸ್ತೀನಿ ಸಾರ್. ಒಂದು ದಿನ ಕೊಡಿ."

"ಗೋಡೆ ಕೊರೆಯೋಕೆ ಕಟ್ಟಡದ ವಿಭಾಗ ಒಪ್ಪಬೇಕು. ಮೊಳೆ ಹೊಡೆಯೋಕೆ ಹಾಕಿದ ಅರ್ಜಿಗೇ ಒಂದು ವರ್ಷ ಆಯ್ತು. ನೋಡಿ, ಕರಾರು ಈ ತಿಂಗಳು ನವೀಕರಣಕ್ಕೆ ಬರುತ್ತೆ ಅಲ್ವಾ? ತಲೆಹರಟೆ ಮಾಡ್ಬೇಡಿ."

ಹೊರಗೆ ಬಂದರೆ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಳು. "ಅವರು ಹೇಳಿದ ಹಾಗೆ ಹಾಕಿಬಿಡು ತಮ್ಮಾ. ನನಗೋಸ್ಕರ ನಿನ್ನ ಮಕ್ಕಳ ಅನ್ನಕ್ಕೆ ಕಲ್ಲು ಹಾಕ್ಕೋಬೇಡ. ನಾನು ದೂರದಿಂದ ಒರೆಸ್ತೀನಿ."

"ದೂರದಿಂದ ಒರೆಸೋಕೆ ನಿನ್ನ ಕೈಯೇನು ಏಣಿಯಾ?"

ಅವನಿಗೂ ಎರಡು ನಿಮಿಷ ಮನಸ್ಸು ಹೊಯ್ದಾಡಿತು. ಎರಡು ಪಿನ್ನಿನ ಪ್ಲಗ್ಗು ಚೀಲದಲ್ಲೇ ಇತ್ತು. ಹಾಕಿದರೆ ಯಾರೂ ಕೇಳುವವರಿಲ್ಲ, ಅಕ್ಕನೂ ಸೇರಿ. ಅದನ್ನೇ ಅವನಿಗೆ ಸಹಿಸಲಾಗಲಿಲ್ಲ. ಚೀಲದಿಂದ ಮೂರು ಪಿನ್ನಿನದನ್ನು ತೆಗೆದ.

ಬೋರ್ಡಿನಿಂದ ಪ್ಲಗ್ಗು ಕಳಚಿ ಆಗಿದ್ದರೂ ಇನ್ನೊಮ್ಮೆ ಕಣ್ಣಾರೆ ನೋಡಿಕೊಂಡ. ಸ್ವಿಚ್ಚು ಆರಿಸಿದ್ದೇನೆ ಎನ್ನುವವರ ಮಾತನ್ನು ಅವನು ಯಾವತ್ತೂ ನಂಬಿದವನಲ್ಲ. ಸುಟ್ಟ ತುದಿಯನ್ನು ಕೊಯ್ದೆಸೆದು, ಕಪ್ಪಾಗದ ತಾಮ್ರ ಸಿಗುವವರೆಗೆ ವೈರನ್ನು ಹಿಂದಕ್ಕೆ ಕತ್ತರಿಸಿದ. ಸಿಪ್ಪೆ ಸುಲಿದು, ಒಂದು ಎಳೆಯೂ ಹೊರಗೆ ಚಾಚದಂತೆ ಹೊಸೆದ. ಹಸಿರು ವೈರು ದಪ್ಪ ಪಿನ್ನಿಗೆ. ಅದನ್ನು ಮಿಕ್ಕೆರಡಕ್ಕಿಂತ ಒಂದು ಬೆರಳು ಉದ್ದ ಬಿಟ್ಟ. ಯಾರಾದರೂ ಎಳೆದರೂ ಅದು ಎಲ್ಲಕ್ಕಿಂತ ಕೊನೆಗೆ ಕಿತ್ತುಬರಬೇಕು. ಕಂದು, ನೀಲಿ ತಮ್ಮ ತಮ್ಮ ಜಾಗಕ್ಕೆ ಹೋದವು. ಸ್ಕ್ರೂ ಬಿಗಿದು ಪ್ರತಿ ವೈರನ್ನೂ ಎಳೆದು ನೋಡಿದ. ಹೊರಗಿನ ದಪ್ಪ ಸಿಪ್ಪೆಯನ್ನು ಪ್ಲಗ್ಗಿನ ಹಿಡಿಕೆಯೊಳಗೆ ಸಿಕ್ಕಿಸಿ ಮುಚ್ಚಳ ಹಾಕಿದ. ದಪ್ಪ ಪಿನ್ನಿನಿಂದ ಮೆಷಿನ್ನಿನ ಮೈವರೆಗೆ ದಾರಿ ಸರಿಯಿದೆಯೇ ಎಂದು ಮೀಟರ್ ಇಟ್ಟು ಪರೀಕ್ಷಿಸಿದ.

ಆಮೇಲೆ ಪ್ರಶಸ್ತಿಯ ಪ್ಲಗ್ಗು ಕಿತ್ತ. ಬಣ್ಣದ ದೀಪಗಳು ಆರಿದವು. ಸಾಕೆಟ್ಟಿನ ಕರೆಂಟಿಗೂ ಅರ್ತಿಗೂ ನಡುವೆ ಬಲ್ಬು ಕೊಟ್ಟು ನೋಡಿದ, ಚೆನ್ನಾಗಿ ಉರಿಯಿತು. ಮೆಷಿನ್ನಿನ ಪ್ಲಗ್ಗನ್ನು ಒತ್ತಿ ಕೂರಿಸಿದ.

ಮೊದಲ ಕಾಫಿ ಸ್ಟೋರಿನವರದು. ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ಗುಂಡಿ ಒತ್ತಿ, ನೆನಪಾಗಿ ಹೆದರಿ, ಏನೂ ಆಗದೆ ಇದ್ದುದಕ್ಕೆ ಸ್ವಲ್ಪ ನಿರಾಶರಾದಂತೆ ಕಂಡರು. "ಕಿಕ್ಕೇ ಇಲ್ವಲ್ಲೋ," ಎಂದರು.

ಅಷ್ಟರಲ್ಲಿ ಸಭೆ ಮುಗಿಯಿತು. ಸಾಹೇಬರು ಕಾರಿಡಾರಿಗೆ ಕಾಲಿಟ್ಟವರು ಅಲ್ಲೇ ನಿಂತರು.

"ಆರಿಹೋಗಿದೆಯಲ್ರೀ!"

"ಅದಕ್ಕೆ ಎರಡು ಪಿನ್ ಸಾಕು ಸಾರ್, ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕ್ಬಹುದು," ಎಂದ ಟೆಸ್ಟರಪ್ಪ. "ವೈರು ಗಿಡ್ಡ, ಅಷ್ಟೆ. ಪ್ರಶಸ್ತೀನೇ ಬೋರ್ಡ್ ಹತ್ತಿರ ಗೋಡೆಗೆ ತರಬೇಕು."

ಎಲ್ಲರೂ ಬೋರ್ಡಿನ ಕಡೆ ನೋಡಿದರು. ಅದರ ಮೇಲಿನ ಗೋಡೆಗೂ ಶೌಚಾಲಯದ ಬಾಗಿಲಿಗೂ ಮೂರಡಿ ದೂರ.

"ಸುರಕ್ಷತಾ ಪ್ರಶಸ್ತೀನ ಅಲ್ಲಿ ತೂಗುಹಾಕ್ಬೇಕಾ?" ಸಾಹೇಬರ ಮುಖ ಕೆಂಪಾಯಿತು. "ಮೆಷಿನ್ನಿಂದು ಕೀಳಿ. ನಾನೇ ಕೀಳ್ತೀನಿ, ಬಿಡಿ!"

ಅವರು ಪ್ಲಗ್ಗಿಗೆ ಕೈ ಚಾಚಿ ಮುಂದೆ ಬಂದರು. ಅಕ್ಕ ಅಡ್ಡ ನಿಲ್ಲಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಹಿಂಡದೆ, ನೀರು ತೊಟ್ಟಿಕ್ಕುತ್ತಿರುವ ಹಾಗೆಯೇ ಅವರ ಮುಂದೆ ಹಿಡಿದಳು.

"ಕಿತ್ತು ಹಳೇ ಕಡೆ ಹಾಕಿ ಸಾರ್. ಆಮೇಲೆ ಚಪ್ಪಲಿ ಬಿಟ್ಟು, ನೀವೇ ಒಂದ್ಸಲ ಮೆಷಿನ್ ಒರೆಸಿ ತೋರಿಸಿ. ನೋಡಿ ಕಲಿತ್ಕೋತೀನಿ."

ಸಾಹೇಬರು ಬಟ್ಟೆ ನೋಡಿದರು. ನೆಲದ ಮೇಲೆ ಬಿದ್ದ ನೀರು ನೋಡಿದರು. ಕಾಫಿ ಲೋಟ ಹಿಡಿದು ಸಾಲುಗಟ್ಟಿ ನಿಂತಿದ್ದ ಜನ ತಮ್ಮನ್ನೇ ನೋಡುತ್ತಿರುವುದನ್ನೂ ನೋಡಿದರು. ಚಾಚಿದ ಕೈಯಿಂದ ಟೈ ಸರಿಮಾಡಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೂರನೆಯ ದಿನ ಟೆಸ್ಟರಪ್ಪನಿಗೆ ಕಾಗದ ಬಂತು. ಅನುಮತಿಯಿಲ್ಲದೆ ಪ್ರಶಸ್ತಿಯ ದೀಪ ಆರಿಸಿದ ಕಾರಣಕ್ಕೆ ಅವನ ಕರಾರನ್ನು ನವೀಕರಿಸುವುದಿಲ್ಲ ಎಂದು ಅದರಲ್ಲಿತ್ತು. ಆ ವಾರದಿಂದ ಅವನು ಬೆಳಿಗ್ಗೆ ಎದ್ದು ಹೊಸ ಕೆಲಸ ಹುಡುಕಿಕೊಂಡು ಬೀದಿ ಬೀದಿ ಅಲೆದ. ಪ್ಲಗ್ಗನ್ನು ಮಾತ್ರ ಯಾರೂ ಕೀಳಲಿಲ್ಲ.

ಅವನ ಗಳಿಕೆಯಲ್ಲಿ ಅರ್ಧ ಹೋಯಿತು. ಅಕ್ಕ ಉಳಿದಳು.