ಗಿಳಿಯ ಕೊಕ್ಕು ಮತ್ತು ವಾಸನೆಯಿಲ್ಲದ ಡಬ್ಬಿ

ಆ ಬೀದಿಯಲ್ಲಿ ಪ್ರೆಸ್ ಎಲ್ಲಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಮೂಲೆ ತಿರುಗಿದರೆ ಸಾಕು, ಥಿನ್ನರ್ ವಾಸನೆಯೇ ಕೈಹಿಡಿದು ಬಾಗಿಲವರೆಗೆ ಕರೆದುಕೊಂಡು ಹೋಗುತ್ತಿತ್ತು. ಕೆಳಗೆ ಪ್ರೆಸ್, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಯಜಮಾನನನ್ನು ಎಲ್ಲರೂ ಬಣ್ಣದಣ್ಣ ಎನ್ನುತ್ತಿದ್ದರು. ಎಷ್ಟು ತಿಕ್ಕಿ ತೊಳೆದರೂ ಅವನ ಉಗುರಿನ ಸಂದಿಯಲ್ಲಿ ನಿನ್ನೆಯ ಬಣ್ಣ ಉಳಿದೇ ಇರುತ್ತಿತ್ತು.

ಅವನದು ಬಟ್ಟೆಚೀಲಗಳ ಮೇಲೆ ಚಿತ್ರ ಅಚ್ಚು ಹಾಕುವ ಕೆಲಸ. ಚೌಕಟ್ಟಿಗೆ ಬಿಗಿದ ತೆಳು ಜಾಲರಿಯನ್ನು ಚೀಲದ ಮೇಲಿಟ್ಟು, ರಬ್ಬರ್ ಪಟ್ಟಿಯಿಂದ ಬಣ್ಣ ಎಳೆದರೆ ಚಿತ್ರ ಮೂಡುತ್ತದೆ. ಆ ಜಾಲರಿ ಚೌಕಟ್ಟೇ ಸ್ಕ್ರೀನ್, ಒಂದೊಂದು ಬಣ್ಣಕ್ಕೂ ಒಂದೊಂದು. ಬಣ್ಣ ಒಣಗಿ ಜಾಲರಿ ಕಟ್ಟಿಕೊಳ್ಳುವ ಮೊದಲೇ ಅದನ್ನು ಥಿನ್ನರ್‌ನಲ್ಲಿ ತೊಳೆಯಬೇಕು. ದಿನಕ್ಕೆ ಹತ್ತು ಸಲವಾದರೂ ತೊಳೆಯಬೇಕು.

ಹನ್ನೆರಡು ವರ್ಷ ಅವನ ಜೊತೆ ನಿಂತು ದುಡಿದವಳು ಅವನ ಹೆಂಡತಿ. ಮೊದಲ ಬಣ್ಣದ ಮೇಲೆ ಎರಡನೆಯದನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂರಿಸುವ ಕಣ್ಣು ಅವಳದು. ಈಗ ಎರಡು ತಿಂಗಳಿಂದ ಅವಳಿಗೆ ತಲೆನೋವು, ತಲೆಸುತ್ತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಆ ವಾಸನೆಯಿಂದ ದೂರ ಇರಿ" ಎಂದರು. ಅಂದಿನಿಂದ ಅವಳು ಮೇಲೆ, ಅವನು ಕೆಳಗೆ. ಸಂಜೆ ಅವನು ಮೆಟ್ಟಿಲ ಬುಡದ ಮೊಳೆಗೆ ಅಂಗಿ ತಗುಲಿಹಾಕಿ, ಹಿತ್ತಲಿನಲ್ಲೇ ಸ್ನಾನ ಮಾಡಿ, ಬೇರೆ ಅಂಗಿ ತೊಟ್ಟು ಮೇಲೆ ಹೋಗುತ್ತಿದ್ದ. ಯಾರೂ ಹೇಳಿಕೊಟ್ಟದ್ದಲ್ಲ. ಅವಳೂ ಅದನ್ನು ಕಂಡು ಮೆಟ್ಟಿಲ ಮೇಲೆ ಟವೆಲ್ ಇಟ್ಟಿರುತ್ತಿದ್ದಳು.

ಆ ವಾರ ಪುಸ್ತಕದಂಗಡಿಗೆ ಮುನ್ನೂರು ಚೀಲ ಕೊಡಬೇಕಿತ್ತು. ಚಿತ್ರ ಗಿಳಿಯದು, ಮೈ ಹಸಿರು, ಕೊಕ್ಕು ಕೆಂಪು. ಹಸಿರು ಚೆನ್ನಾಗಿಯೇ ಬಂತು. ಕೆಂಪು ಹಾಕುವಾಗ ಅವನ ತಂಗಿ ಬಂದಳು. ಅವಳು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿ. ಒಣಹಾಕಿದ್ದ ಚೀಲವೊಂದನ್ನು ಎತ್ತಿ ನೋಡಿದಳು.

"ಅಣ್ಣಾ, ಈ ಗಿಳಿಗೆ ಕೊಕ್ಕು ಕತ್ತಲ್ಲಿದೆಯಲ್ಲೋ!"

"ಹಾರುವಾಗ ಜಾರಿರಬೇಕು," ಎಂದ ಬಣ್ಣದಣ್ಣ, ನಗದೆ. "ಇಪ್ಪತ್ತು ಚೀಲ ಹೀಗೇ ಹೋಯ್ತು. ನಿಮ್ಮತ್ತಿಗೆಯ ಕಣ್ಣು ನನಗೆಲ್ಲಿ ಬರಬೇಕು?"

"ಅತ್ತಿಗೇನ ಕೆಳಗೆ ಕರ್ಕೊಂಡು ಬಾ ಮತ್ತೆ."

"ಡಾಕ್ಟರು ಬೇಡ ಅಂದಿದ್ದಾರಲ್ಲ."

"ಅವರು ಬೇಡ ಅಂದಿದ್ದು ಥಿನ್ನರ್ ವಾಸನೆ. ಪ್ರೆಸ್ ಅಲ್ಲ." ತಂಗಿ ತನ್ನ ಕೈಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ದಾರಿಯಲ್ಲಿ ತುಳುಕದಿರಲೆಂದು ಅದಕ್ಕೆ ತನ್ನ ದುಪಟ್ಟಾ ಸುತ್ತಿ ತಂದಿದ್ದಳು. "ಇದು ಸೋಯಾ ಎಣ್ಣೆಯಿಂದ ಮಾಡಿರೋ ದ್ರಾವಕ. ಸ್ಕ್ರೀನ್ ತೊಳೆಯೋಕೆ ಅಂತಲೇ ಮಾಡಿದ್ದು. ಹಸಿರು ದ್ರಾವಕ ಅಂತಾರೆ ಇಂಥವನ್ನ."

ಬಣ್ಣದಣ್ಣ ಮುಚ್ಚಳ ತೆಗೆದು ಮೂಸಿ ನೋಡಿದ. "ಬಣ್ಣ ಹಳದಿಯಾಗಿದೆ, ಹೆಸರು ಮಾತ್ರ ಹಸಿರಾ? ವಾಸನೇನೇ ಇಲ್ಲ. ಒಗ್ಗರಣೆ ಹಾಕೋಕೆ ತಂದ್ಯಾ?"

"ಬಾಯಿಗೆ ಗೀಯಿಗೆ ಹಾಕ್ಕೋಬೇಡ ಮಾರಾಯ! ಗಿಡದಿಂದ ಬಂದಿದೆ ಅಂದ ಮಾತ್ರಕ್ಕೆ ಕುಡಿಯೋ ಪದಾರ್ಥ ಅಲ್ಲ. ಗ್ಲೌಸ್ ಹಾಕ್ಕೊಂಡೇ ಮುಟ್ಟಬೇಕು."

"ಮೂಗಿಗೆ ರಪ್ಪಂತ ಹೊಡೀಬೇಕು ಕಣೇ, ಆಗಲೇ ಅದು ಕೆಲಸ ಮಾಡೋದು. ಥಿನ್ನರ್ ನೋಡು, ಒರೆಸಿದ ತಕ್ಷಣ ಹಾರಿಹೋಗುತ್ತೆ. ಒಂದು ಹನಿ ಉಳಿಯಲ್ಲ."

"ಹಾರಿ ಎಲ್ಲಿಗೆ ಹೋಗುತ್ತೆ?"

ಬಣ್ಣದಣ್ಣನ ಕಣ್ಣು ತಾನಾಗಿ ಮೆಟ್ಟಿಲ ಕಡೆಗೆ ಹೋಯಿತು.

"ಸರಿ, ನೋಡೇ ಬಿಡೋಣ," ಎಂದು ಗ್ಲೌಸ್ ತೊಟ್ಟು ಕೆಂಪು ಸ್ಕ್ರೀನಿನ ಮೇಲೆ ದ್ರಾವಕ ಹಾಕಿದ. ಹನ್ನೆರಡು ವರ್ಷದ ಅಭ್ಯಾಸ ನೋಡಿ, ಹಾಕಿದ ಕೈ ನಿಲ್ಲಲೇ ಇಲ್ಲ, ಮರುಕ್ಷಣವೇ ಬಟ್ಟೆ ಹಿಡಿದು ಗಸಗಸ ಉಜ್ಜಿತು. ಥಿನ್ನರ್ ಆದರೆ ಹಾಗೆಯೇ ಮಾಡಬೇಕು. ತಡ ಮಾಡಿದರೆ ಅದೇ ಹಾರಿಹೋಗುತ್ತದೆ. ಆದರೆ ಈಗ ಬಣ್ಣ ಕರಗಲಿಲ್ಲ, ಜಾಲರಿಯ ತುಂಬ ಹರಡಿಕೊಂಡಿತು.

"ನೋಡ್ದ್ಯಾ? ನಿನ್ನ ಡಬ್ಬಿ ಗಿಳಿಗೆ ಮೈತುಂಬ ಕುಂಕುಮ ಬಳೀತು!"

"ಅಣ್ಣಾ, ಇದಕ್ಕೆ ಹತ್ತು ನಿಮಿಷ ಬಿಡಬೇಕು, ಅದು..."

"ಹತ್ತು ನಿಮಿಷಾನಾ? ಅಷ್ಟರಲ್ಲಿ ನಾನು ಇನ್ನೊಂದು ಸ್ಕ್ರೀನ್ ತೊಳೆದು ಮುಗಿಸ್ತೀನಿ," ಎಂದು ಥಿನ್ನರ್ ಕ್ಯಾನಿಗೆ ಕೈಹಾಕಿದ.

ಅಷ್ಟರಲ್ಲಿ, ಕೆಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದ ಹೆಂಡತಿಯ ದನಿ ಮೇಲಿನಿಂದ ಬಂತು. "ರೀ, ಆ ಕೊಕ್ಕು ಕೆಟ್ಟಿರೋ ಚೀಲ ಒಂದು ತನ್ನಿ. ಎಲ್ಲಿ ತಪ್ಪಿದೆ ನೋಡ್ತೀನಿ."

ಅವನು ಕ್ಯಾನ್ ಕೆಳಗಿಟ್ಟು ಅಂಗಿ ಬದಲಾಯಿಸಲು ಹಿತ್ತಲಿಗೆ ಹೋದ. ತಂಗಿ ಸದ್ದಿಲ್ಲದೆ ಸ್ಕ್ರೀನಿನ ಎರಡು ಬದಿಗೂ ಇನ್ನೊಂದಿಷ್ಟು ದ್ರಾವಕ ಬಳಿದು, ಗೋಡೆಗೆ ಒರಗಿಸಿ, ಅವನ ಹಿಂದೆಯೇ ಮೆಟ್ಟಿಲು ಹತ್ತಿದಳು.

ಮೇಲೆ ಅತ್ತಿಗೆ ಚೀಲವನ್ನು ಮಡಿಲ ಮೇಲೆ ಹಾಸಿಕೊಂಡು ಬೆರಳಿನಿಂದ ಅಳೆದಳು. "ನೀವು ಚೌಕಟ್ಟನ್ನ ಬಲಕ್ಕೆ ತಳ್ತಾ ಇದ್ದೀರಿ. ಚೀಲದ ಹೊಲಿಗೆ ದಪ್ಪ ಇದೆಯಲ್ಲ, ಆ ಕಡೆ ಒಂದು ರಟ್ಟು ಇಡಿ. ತಡೀರಿ, ಬರೆದು ಕೊಡ್ತೀನಿ." ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ನಡುವೆ ನಿಲ್ಲಿಸಿ ಹೇಳಿದಳು, "ಕಾಗದದಲ್ಲಿ ಎಷ್ಟು ಅಂತ ಬರೀಲಿ? ನಾನೇ ಬಂದ್ರೆ ಎರಡು ನಿಮಿಷದ ಕೆಲಸ."

ಬಣ್ಣದಣ್ಣ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ.

ಅವಳೇ ನಾದಿನಿಯತ್ತ ತಿರುಗಿ ಮಾತು ಬದಲಿಸಿದಳು. "ನಿಮ್ಮ ಲ್ಯಾಬಲ್ಲಿ ನೀನು ತಂದಿರೋ ಆ ದ್ರಾವಕಾನೇ ಮಾಡ್ತಾರೇನೇ?"

"ಇದರ ದೂರದ ನೆಂಟರನ್ನ ಮಾಡ್ತಾರೆ ಅತ್ತಿಗೆ. ಸತ್ತುಹೋದ ಬ್ಯಾಟರಿಗಳಲ್ಲಿ ಬೆಲೆಬಾಳೋ ಲೋಹ ಉಳಿದಿರುತ್ತಲ್ಲ, ಅದನ್ನ ಕಟು ಆಸಿಡ್ ಬದಲು ಸೌಮ್ಯವಾದ ದ್ರಾವಕದಲ್ಲಿ ಬಿಡಿಸಿ ತೆಗೆಯೋಕೆ ನೋಡ್ತಿದ್ದಾರೆ. ಸಿಕ್ಕಿದ್ರೆ ಮತ್ತೆ ಹೊಸ ಬ್ಯಾಟರಿಗೆ ಹಾಕಬಹುದು. ಇನ್ನೊಂದು ಮೇಜಲ್ಲಿ ಎಂಜಿನ್ ಎಣ್ಣೆ ಕುಡಿದಿರೋ ಮಣ್ಣು ತೊಳೀತಾರೆ. ಎಲ್ಲಾ ಇನ್ನೂ ಪ್ರಯೋಗ. ಆದ್ರೆ ಅಣ್ಣನ ಕೆಲಸಕ್ಕೆ ಬೇಕಾದ್ದು ಈಗಾಗಲೇ ಅಂಗಡೀಲಿ ಸಿಗುತ್ತೆ."

"ಸಿಗುತ್ತೆ, ಕೆಲಸ ಮಾಡಲ್ಲ," ಎಂದ ಅಣ್ಣ.

"ಇಳಿದು ನೋಡೋಣ ಬಾ."

ಕೆಳಗೆ ಬಂದಾಗ ಕಾಲುಗಂಟೆ ಕಳೆದಿತ್ತು. ಸ್ಕ್ರೀನಿನ ಕೆಳಅಂಚಿನಲ್ಲಿ ಕೆಂಪು ಬಣ್ಣ ಮೆತ್ತಗಾಗಿ, ಬೇಸಿಗೆಯಲ್ಲಿ ಕರಗಿದ ಬೆಣ್ಣೆಯ ಹಾಗೆ ಇಳಿದು ನಿಂತಿತ್ತು. ಬಣ್ಣದಣ್ಣ ಬಟ್ಟೆಯನ್ನು ಒಂದು ಸಲ ಎಳೆದ. ಉಜ್ಜಲಿಲ್ಲ, ಸುಮ್ಮನೆ ಎಳೆದ. ಬಣ್ಣ ಜೊತೆಗೇ ಬಂತು. ಸೋಪಿನ ನೀರಿನಲ್ಲಿ ಜಿಡ್ಡು ತೊಳೆದು ಬೆಳಕಿಗೆ ಹಿಡಿದರೆ ಜಾಲರಿಯ ಕಣ್ಣು ಕಣ್ಣೂ ತೆರೆದಿತ್ತು.

"ಅವಸರ ನಿನ್ನದು, ಬೈಗುಳ ಡಬ್ಬಿಗೆ," ಎಂದಳು ತಂಗಿ.

ಅವನು ಸ್ಕ್ರೀನನ್ನು ಎರಡು ಸಲ ತಿರುಗಿಸಿ ನೋಡಿದ. "ಇದು ದುಬಾರೀನೇ ಇರಬೇಕು. ಒಂದು ಡಬ್ಬಿ ಎಷ್ಟು ದಿನ ಬರುತ್ತೆ?"

"ಹಾರಿಹೋಗಲ್ಲವಲ್ಲ, ಸೋಸಿಕೊಂಡು ನಾಲ್ಕಾರು ಸಲ ಬಳಸಬಹುದು. ಕೊನೆಗೆ ಉಳಿದಿದ್ದನ್ನ, ತೊಳೆದ ಬಣ್ಣದ ನೀರನ್ನ, ಕ್ಯಾನಿಗೆ ತುಂಬಿಡು. ಅಪಾಯದ ಕಸ ತಗೊಳ್ಳೋ ಗಾಡಿಗೇ ಕೊಡಬೇಕು. ಹಿತ್ತಲಿಗೆ ಚೆಲ್ಲಿದ್ಯೋ, ನಾನು ಈ ಮನೆಗೆ ಕಾಲಿಡಲ್ಲ. ಮತ್ತೆ ಒರೆಸಿದ ಬಟ್ಟೆ ಗುಡ್ಡೆ ಹಾಕಬೇಡ. ಎಣ್ಣೆ ಬಟ್ಟೆ ಒಳಗೊಳಗೇ ಕಾದು ಹೊತ್ತಿಕೊಳ್ಳಬಹುದು. ತಗಡಿನ ಡಬ್ಬೀಲಿ ನೀರು ಹಾಕಿ, ಅದರಲ್ಲಿ ಮುಳುಗಿಸಿ ಮುಚ್ಚಿಡು."

"ಆಯ್ತು ಮೇಷ್ಟ್ರೇ," ಎಂದ ಬಣ್ಣದಣ್ಣ. ಮುಚ್ಚಳ ಬಿಗಿ ಮಾಡಿ ಥಿನ್ನರ್ ಕ್ಯಾನನ್ನು ಹೊರಗಿಟ್ಟ.

ಪುಸ್ತಕದಂಗಡಿಯವರಿಗೆ ನಿಜ ಹೇಳಿ ಹತ್ತು ದಿನ ಸಮಯ ಕೇಳಿದ. ಅವರು, "ಗಿಳಿ ಸರಿಯಾಗಿ ಬರಲಿ, ನಾವು ಕಾಯ್ತೀವಿ," ಎಂದರು. ವಾರವಿಡೀ ಕಿಟಕಿಗಳು ತೆರೆದೇ ಇದ್ದವು. ತಲೆನೋವು ಇಳಿದ ಮೇಲೆ ಡಾಕ್ಟರು ಅವಳನ್ನು ಇನ್ನೊಮ್ಮೆ ನೋಡಿ, "ಸ್ವಲ್ಪ ಸ್ವಲ್ಪ ಹೊತ್ತು ಕೆಲಸ ಮಾಡಿ ನೋಡಿ. ಮತ್ತೆ ತಲೆನೋವು ಬಂದ್ರೆ ತಕ್ಷಣ ಬನ್ನಿ," ಎಂದರು.

ಎಂಟನೆಯ ದಿನ ಬೆಳಿಗ್ಗೆ ಅವಳು ಹದಿನಾಲ್ಕು ಮೆಟ್ಟಿಲು ಇಳಿದು ಬಂದಳು. ಹೊಲಿಗೆಯ ಪಕ್ಕ ರಟ್ಟು ಇಟ್ಟಳು, ಚೌಕಟ್ಟನ್ನು ಎರಡು ಬೆರಳಿನಿಂದ ತುಸು ಸರಿಸಿದಳು. ಬಣ್ಣದಣ್ಣ ಪಟ್ಟಿ ಎಳೆದ. ಸ್ಕ್ರೀನ್ ಎತ್ತಿದಾಗ ಕೆಂಪು ಕೊಕ್ಕು ಹಸಿರು ಮುಖಕ್ಕೆ ಅಂಟಿಕೊಂಡು ಕುಳಿತಿತ್ತು.

"ಈಗ ಮಾತಾಡುತ್ತೆ ನೋಡಿ," ಎಂದಳು ಅವಳು.

ಕತ್ತಿನಲ್ಲಿ ಕೊಕ್ಕಿರುವ ಇಪ್ಪತ್ತು ಚೀಲಗಳಲ್ಲಿ ಹತ್ತೊಂಬತ್ತನ್ನು ಬೀದಿಯವರು ತಾವೇ ಬಂದು ಕೇಳಿ ಒಯ್ದರು. ಒಂದು ಮಾತ್ರ ಮೆಟ್ಟಿಲ ಬುಡದ ಮೊಳೆಯಲ್ಲಿ ನೇತಾಡುತ್ತಿದೆ. ಅಲ್ಲಿ ಈಗ ಅಂಗಿ ತಗುಲಿಹಾಕುವ ಅಗತ್ಯವಿಲ್ಲ. ಹಿತ್ತಲಲ್ಲಿ ಥಿನ್ನರ್ ಚೆಲ್ಲುತ್ತಿದ್ದ ಜಾಗಕ್ಕೆ ಹುಲ್ಲು ಇನ್ನೂ ಬಂದಿಲ್ಲ. ಅಲ್ಲಿನ ಮಣ್ಣನ್ನು ಒಂದು ಸೀಸೆಯಲ್ಲಿ ತುಂಬಿ ತಂಗಿ ಲ್ಯಾಬಿಗೆ ಒಯ್ದಿದ್ದಾಳೆ. ಕೆಡಿಸಿದ್ದು ಬೇಗ, ಸರಿಮಾಡುವುದು ನಿಧಾನ ಎಂದು ಅವಳೇ ಹೇಳಿದಳು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮದು ಅಚ್ಚಿನ ಕೆಲಸವಿರಬಹುದು, ಗ್ಯಾರೇಜ್ ಇರಬಹುದು, ಮರಕ್ಕೆ ಪಾಲಿಶ್ ಹಾಕುವ ಕೆಲಸವಿರಬಹುದು. ಮೂಗಿಗೆ ಹೊಡೆಯುವುದೇ ಶಕ್ತಿ ಎಂದು ನಂಬಬೇಡಿ. ನಿಮ್ಮ ಕೆಲಸಕ್ಕೆ ಹೊಂದುವ ಹಸಿರು ದ್ರಾವಕ ಇದೆಯೇ ಎಂದು ಅಂಗಡಿಯಲ್ಲಿ ವಿಚಾರಿಸಿ. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರವಿದ್ದರೆ ಸಾಲದು, ಸುರಕ್ಷತೆಯ ವಿವರದ ಹಾಳೆ ಕೇಳಿ ಓದಿ, ಅರ್ಥವಾಗದಿದ್ದರೆ ತಿಳಿದವರನ್ನು ಕೇಳಿ. ಮೊದಲು ಒಂದು ಸಣ್ಣ ತುಂಡಿನ ಮೇಲೆ ಬಳಸಿ ನೋಡಿ. ಕಿಟಕಿ ತೆರೆದಿಡಿ.

ಮತ್ತೆ, ಹಾಕಿದ ಕೂಡಲೇ ಉಜ್ಜಬೇಡಿ. ಆ ಹತ್ತು ನಿಮಿಷ ಮನೆಯವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ನೀವು ವಾಪಸ್ಸು ಬರುವಷ್ಟರಲ್ಲಿ ಬಣ್ಣ ಬಿಟ್ಟಿರುತ್ತದೆ.