ಎರಡನೇ ಪಕ್ಕೆ

ಪೈಪಿನ ಮೇಲೆ ಬಿದ್ದ ನೀರಹನಿ ಚುರ್ ಎಂದಿತು, ಅಲ್ಲೇ ಕೂತು ಕುದಿಯಿತು, ಆರಿತು — ಇಲ್ಲ, ಇನ್ನೂ ಕಾದಿಲ್ಲ, ಹನಿ ಬಿದ್ದ ಕೂಡಲೇ ಗುಂಡಗಾಗಿ ಕುಣಿಯಬೇಕು, ಆಗ ಬಾಗಿಸುವ ಕಟ್ಟಿಗೆಯನ್ನು ಅದರ ಮೇಲೆ ಇಡಬೇಕು, ಇನ್ನೊಂದು ಹಿಡಿ ಇದ್ದಿಲು ಹಾಕು ಅಂದೆ, ಗುರುಬಸಮ್ಮ ಹಾಕಿದಳು, ಮದುವೆಯಾದಾಗಿನಿಂದ ನನ್ನ ಎದುರಿಗೆ ಕೂತು ಕಟ್ಟಿಗೆಗೆ ಒದ್ದೆ ಬಟ್ಟೆ ಒತ್ತುವವಳು ಅವಳೇ, ಆದರೆ ನನ್ನ ಹೆಂಡತಿ ಇವತ್ತು ಪೈಪಿನ ಕಡೆ ನೋಡುತ್ತಿಲ್ಲ, ನನ್ನ ಕೈ ಕಡೆ ನೋಡುತ್ತಿದ್ದಾಳೆ, ಅಥವಾ ನನಗೇ ಹಾಗೆ ಅನಿಸುತ್ತಿದೆ, ಅನಿಸಲಿ, ಏನೂ ಇಲ್ಲ, ಲಾರಿಯ ಹಳೇ ಸೈಲೆನ್ಸರ್ ಪೈಪು ಇಟ್ಟಿಗೆಗಳ ಮೇಲೆ ಅಡ್ಡ ಮಲಗಿದೆ, ಹೊಟ್ಟೆಯೊಳಗೆ ಕೆಂಡ, ಹೊರಗಿನಿಂದ ನೋಡಿದರೆ ಬರೀ ಕರೀ ಕಬ್ಬಿಣ, ಸುಡುತ್ತದೆ ಅಂತ ಅದರ ಮೈಮೇಲೆ ಬರೆದಿಲ್ಲ, ಮುಟ್ಟಿದವನಿಗೆ ಗೊತ್ತಾಗಬೇಕು, ಗೊತ್ತಾಗುತ್ತದೆ, ಯಾಕೆ ಗೊತ್ತಾಗುವುದಿಲ್ಲ. ತೊಟ್ಟಿಯ ನೀರಿನಲ್ಲಿ ಅದು ಮಲಗಿದೆ, ಗಿಟಾರಿನ ಡಬ್ಬಿಗೆ ಪಕ್ಕದ ಗೋಡೆಯಾಗಬೇಕಾದ ಎರಡನೇ ಪಕ್ಕೆ, ಬ್ರೆಜಿಲ್ ದೇಶದ ಬೀಟೆ, ರೊಟ್ಟಿಗಿಂತ ತೆಳುವಾಗಿ ಹೆರೆದಿಟ್ಟ ಪಟ್ಟಿ, ನಮ್ಮ ದಾಂಡೇಲಿ ಬೀಟೆಯಾದರೆ ಸ್ವಲ್ಪ ಹೇಳಿದ ಮಾತು ಕೇಳುತ್ತದೆ, ಇದು ಕೇಳುವ ಜಾತಿಯಲ್ಲ, ಶಾಖ ಸಾಲದಿದ್ದರೂ ಚಟ್, ಹೆಚ್ಚಾದರೂ ಚಟ್, ಚರ್ಚಿನಲ್ಲಿ ಹಾಡು ಕಲಿಸುವ ಸುಂದರಪ್ಪ ಮೇಷ್ಟ್ರಿಗೆ ಅವರ ತಮ್ಮ ಮದ್ರಾಸಿನ ಹಡಗಿನಿಂದ ತಂದುಕೊಟ್ಟದ್ದು, ಆ ತಮ್ಮ ಈಗ ಇಲ್ಲ, ಸಮುದ್ರದಲ್ಲೇ ಹೋದ, ಕಟ್ಟಿಗೆ ಉಳಿಯಿತು, ನನ್ನ ತಮ್ಮನ್ನ ನಿಮ್ಮ ಕೈಯಾಗ ಕೊಟ್ಟೀನಿ ಅಂತ ತಿಳ್ಕೊಳ್ರಿ ಪಕ್ಕೀರಪ್ಪ, ಇದು ಮುರದ್ರ ಇನ್ನೊಂದು ತರಾಕ ಅವನಿಲ್ಲ ಅಂದರು. ನಾನು ನಕ್ಕೆ, ಮೂವತ್ತು ವರ್ಷದ ಕೈ ಇದು ಮೇಷ್ಟ್ರೆ, ಅಂಜಬ್ಯಾಡ್ರಿ ಅಂದೆ.

ಅದು ಯುಗಾದಿಗೆ ಮೊದಲಿನ ಮಾತು, ಆಗ ಒಂದು ಪಕ್ಕೆ ಬಾಗಿಸಿದ್ದೆ, ಅದೋ ಗೋಡೆಗೆ ಒರಗಿ ನಿಂತಿದೆ, ಎದೆ, ಸೊಂಟ, ಹೊಟ್ಟೆ, ಎಷ್ಟು ಚಂದ ತಿರುಗಿದೆ, ಅದನ್ನು ಬಾಗಿಸಿದ ಕೈ ಒಳ್ಳೆಯ ಕೈ, ಇದೇ ಕೈ, ಆಮೇಲೆ ಎರ್ರಣ್ಣನ ಹೋಟೆಲಿನ ಚಹಾ — ಬೇಡ, ಅದು ಈಗ ಬೇಡ — ಕೌಲ್ ಬಜಾರಿನ ಮೂಲೆಯಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ, ಎಡಗೈಯಲ್ಲಿ ಗ್ಲಾಸು, ಎಲ್ಲರೂ ಅಂಚು ಹಿಡಿದು ಉಫ್ ಉಫ್ ಅನ್ನುತ್ತಿದ್ದರು, ಏನಪ ಪಕ್ಕೀರಣ್ಣ, ನಿನ್ನ ಕೈ ಏನು ಕಬ್ಬಿಣದ್ದೇನು, ಗ್ಲಾಸು ಕೆಂಡ ಆಗೈತಿ, ಹಂಗ ಮುಷ್ಟಿಗಟ್ಟಿ ಹಿಡ್ದೀಯಲ್ಲ ಅಂದ ಎರ್ರಣ್ಣ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುತ್ತಲೇ ಗ್ಲಾಸನ್ನು ಬಲಗೈಗೆ ತಂದೆ, ಸುಟ್ಟಿತು, ಬೆಂಕಿಯ ಹಾಗೆ ಸುಟ್ಟಿತು, ಮತ್ತೆ ಎಡಗೈಗೆ, ಏನೂ ಇಲ್ಲ, ಕಿರುಬೆರಳು ಉಂಗುರಬೆರಳು ಎರಡೂ ಸುಮ್ಮನೆ ಗ್ಲಾಸಿಗೆ ಅಂಟಿಕೊಂಡು ಕೂತಿದ್ದವು, ಬೇರೆಯವರ ಮನೆಯ ಬೆರಳುಗಳ ಹಾಗೆ. ಅವತ್ತಿನಿಂದ ಅಂಗಿಯ ತೋಳು ಮಡಚಿಲ್ಲ, ಮೊಣಕೈ ಕೆಳಗೆ ಒಂದು ಮಚ್ಚೆ ಇದೆ, ರೂಪಾಯಿಯಗಲದ್ದು, ಮಾಸಲು, ಬಳ್ಳಾರಿಯ ಈ ಬಿಸಿಲಿನಲ್ಲಿ ಮೈಯೆಲ್ಲಾ ನೀರಾಗಿ ಸುರಿಯುವಾಗ ಅದೊಂದು ಜಾಗ ಮಾತ್ರ ಒಣಗಿಯೇ ಇರುತ್ತದೆ, ಬೆವರೋ ಬೆವರೋ ಅಂತ ಕಾಯುತ್ತೇನೆ, ಬೆವರುವುದಿಲ್ಲ, ಎಮರ್ಜೆನ್ಸಿಯ ಕಾಲದಲ್ಲಿ ಜನ ಆಪರೇಷನ್ನಿನ ಜೀಪು ಕಂಡರೆ ಓಡುತ್ತಿದ್ದರು, ನಾನು ಈಗ ಕೋಳಿಪುಕ್ಕ ಕಂಡು ಓಡಿದೆ, ಮಚ್ಚೆ ತಪಾಸಣೆಯ ಸರ್ಕಾರದವನು ಬೀದಿಗೆ ಬಂದಿದ್ದ, ಕಣ್ಣು ಮುಚ್ರಿ, ಪುಕ್ಕ ಎಲ್ಲಿ ಮುಟ್ಟತೈತಿ ಬೊಟ್ಟು ಮಾಡಿ ತೋರಸ್ರಿ ಅನ್ನುತ್ತಾ ಮನೆಮನೆಗೆ, ನಾನು ಹಿಂದಿನ ಬಾಗಿಲಿನಿಂದ ಹೊರಬಿದ್ದು ಸಿರುಗುಪ್ಪದ ಬಸ್ಸು ಹತ್ತಿದೆ, ರೈಸ್ ಮಿಲ್ಲಿನ ಜರಡಿಯ ಚೌಕಟ್ಟು ರಿಪೇರಿ ಐತಿ ಅಂತ ಮನೆಗೆ ಹೇಳಿ ಕಳಿಸಿದೆ, ಮಿಲ್ಲಿನ ಮುಂದೆ ಹೊಟ್ಟಿನ ಧೂಳಿನಲ್ಲಿ ಕೂತು ನನ್ನ ಬೆರಳನ್ನು ನಾನೇ ಚಿವುಟುತ್ತಾ ದಿನ ಕಳೆದೆ.

ದೊಡ್ಡ ರೋಗ, ಅಂತಾರೆ ನಮ್ಮ ಊರು ಕುರುಗೋಡಿನಲ್ಲಿ, ಬಾಯಿ ತುಂಬ ಹೆಸರು ಹೇಳುವುದಿಲ್ಲ, ಮೈಲಾರಪ್ಪ ಚಿಕ್ಕಪ್ಪನಿಗೆ ಬಂದಿತ್ತು, ಅದು ಬರುವ ಮೊದಲು, ಅಲ್ಲ, ಬಂದಿತ್ತು, ಯಾರಿಗೂ ಗೊತ್ತಿರಲಿಲ್ಲ, ಬೀಡಿ ಹೊತ್ತಿಸಲು ಒಲೆಯಿಂದ ಕೆಂಡವನ್ನು ಬರಿಗೈಯಲ್ಲಿ ಎತ್ತುತ್ತಿದ್ದ, ಎರಡು ಬೆರಳಿನ ನಡುವೆ ಕೆಂಪಗೆ ಕೆಂಡ, ನೋಡ್ರಲೇ ನಿಮ್ಮ ಚಿಕ್ಕಪ್ಪನ ಎದಿಗಾರಿಕಿ ಅಂತ ನಗುತ್ತಿದ್ದ, ನಾವು ಹುಡುಗರು ಚಪ್ಪಾಳೆ ಹೊಡೆಯುತ್ತಿದ್ದೆವು, ಅವನಿಗೆ ಅದು ಧೈರ್ಯವೆಂದೇ ಗೊತ್ತಿತ್ತು, ನಮಗೂ ಹಾಗೇ, ಆಮೇಲೆ ಅವನಿಗೆ ಗುಡ್ಡದ ಕೆಳಗಿನ ಗುಡಿಸಲು, ಅವ್ವ ಅನ್ನವನ್ನು ಮೇಲಿನಿಂದ ಅವನ ತಟ್ಟೆಗೆ ಬಿಡುತ್ತಿದ್ದಳು, ತಟ್ಟೆಗೆ ಸೌಟು ತಾಗದ ಹಾಗೆ, ಅವನು ಮುಖ ಎತ್ತುತ್ತಿರಲಿಲ್ಲ. ಈಗ ಔಷಧಿ ಇದೆಯಂತೆ, ಗುಳಿಗೆ ನುಂಗಿದರೆ ಹೋಗುತ್ತದಂತೆ, ಇರಬಹುದು, ಆದರೆ ಆಸ್ಪತ್ರೆಯ ಆ ಸಾಲಿನಲ್ಲಿ ನಿಂತದ್ದನ್ನು ಕೌಲ್ ಬಜಾರಿನವರು ಒಬ್ಬರು ನೋಡಿದರೆ ಸಾಕು, ನಾನು ಮಾಡಿದ ಗಿಟಾರನ್ನು ಯಾರು ಎದೆಗೆ ಒತ್ತಿಕೊಂಡು ಬಾರಿಸುತ್ತಾರೆ, ಮಗಳು ಸತ್ಯಮ್ಮ ಕೇಳಿದಳು, ಅಪ್ಪಾ, ಯಾಕ ನನ್ನ ಈಗ ಎತ್ಕೊಳ್ಳಂಗಿಲ್ಲ, ನಾನು ದೊಡ್ಡಾಕಿ ಆದ್ನೇನು, ಹೂಂ ಅಂದೆ, ಹೆದರಿಕೆಯಾಗುತ್ತದೆ, ನಮ್ಮೂರ ದೇವರೇ, ದೊಡ್ಡಬಸವಣ್ಣಾ, ನನಗೆ ತುಂಬ ಹೆದರಿಕೆಯಾಗುತ್ತದೆ. ಅದಕ್ಕೇ ಡಾಕ್ಟರು ಬೇಡ, ಪುಕ್ಕ ಬೇಡ, ಈ ಕಟ್ಟಿಗೆಯೇ ಹೇಳಲಿ, ಬಾಗುವ ಮೊದಲು ಅದು ಒಂದು ಚಣ ಮೆತ್ತಗಾಗುತ್ತದೆ, ಆ ಮೆತ್ತಗೆ ಬೆರಳಿಗೆ ಗೊತ್ತಾಗದಿದ್ದರೆ ಮುರಿದೇ ಮುರಿಯುತ್ತದೆ, ಮುರಿಯದೆ ಬಾಗಿದರೆ ನನ್ನ ಕೈ ಕೈಯೇ, ಏನೂ ಆಗಿಲ್ಲ, ಚಹಾ ತಣ್ಣಗಿತ್ತು ಅಷ್ಟೆ, ನಿನ್ನೆ ತೊಟ್ಟಿಯಲ್ಲಿ ಪಟ್ಟಿ ನೆನೆಹಾಕುವಾಗ ಹೀಗಂತ ಗಟ್ಟಿ ಮಾಡಿಕೊಂಡೆ.

ಹನಿ ಕುಣಿಯಿತು. ಹಿಡ್ಕ ಅಂದೆ, ಗುರುಬಸಮ್ಮ ಆ ತುದಿ ಹಿಡಿದಳು, ಕಟ್ಟಿಗೆ ಪೈಪಿನ ಮೇಲೆ, ಮೊದಲು ಸೊಂಟ, ಯಾವತ್ತೂ ಸೊಂಟದಿಂದ, ಹಬೆ ಎದ್ದಿತು, ಗುಲ್ಕಂದಿನ ವಾಸನೆ, ಬ್ರೆಜಿಲ್ ಬೀಟೆ ಕಾದರೆ ಹೀಗೇ ಸಿಹಿಯಾಗಿ ಹೊಮ್ಮುತ್ತದೆ, ಆತುರ ಮಾಡಬೇಡ, ಎಡಗೈ ಪೈಪಿನ ಹತ್ತಿರ, ಬಲಗೈ ದೂರ, ಒತ್ತು, ಇಲ್ಲ, ಒತ್ತಬೇಡ, ಕಾಯಿ, ಅವಳು ಬಟ್ಟೆ ಒತ್ತಿದಳು, ಮತ್ತೆ ನನ್ನ ಕೈ ಕಡೆ ನೋಡಿದಳು, ಕೈ ಏನ್ ನೋಡ್ತೀಯಲೇ, ಕಟ್ಟಿಗಿ ನೋಡು ಅಂದೆ, ಕಿರ್ — ಕಟ್ಟಿಗೆಯ ಎಳೆ ಬಿಟ್ಟಿತೇ, ಚಟ್ ಅನ್ನುತ್ತದೆ ಈಗ, ಸುಂದರಪ್ಪನ ತಮ್ಮ ಸಮುದ್ರದಲ್ಲಿ, ಚಿಕ್ಕಪ್ಪ ಒಲೆಯ ಮುಂದೆ, ಬೆರಳ ನಡುವೆ ಕೆಂಡ, ಇಲ್ಲ, ಇಲ್ಲ, ಮೆತ್ತಗಾಯಿತು, ಬಂದಿತು ಬಂದಿತು, ಬಲಗೈಗೆ ಗೊತ್ತಾಯಿತು, ಹೆಬ್ಬೆರಳಿಗೆ ಗೊತ್ತಾಯಿತು, ಇಳಿಯುತ್ತಿದೆ, ಬೆಣ್ಣೆಯ ಹಾಗೆ ಇಳಿಯುತ್ತಿದೆ, ಸೊಂಟ ಕೂತಿತು, ಈಗ ಹೊಟ್ಟೆ, ತಿರುಗಿಸು, ಈಗ ಎದೆ, ಇನ್ನೊಂಚೂರು, ಬಾಗಿದ ಮೇಲೆ ಕೂಡಲೇ ಬಿಡಬಾರದು, ಅಲ್ಲೇ ಹಿಡಿ, ಹಿಡಿ, ಗೋಡೆಯ ಕಡೆ ನೋಡಿದೆ, ಅದು ಇದ್ದ ಹಾಗೇ ಇದೂ, ಅಕ್ಕತಂಗಿಯರು, ಮುರಿಯಲಿಲ್ಲ, ಮುರಿಯಲಿಲ್ಲ ದೊಡ್ಡಬಸವಣ್ಣಾ, ಒಂದು ಎಳೆ ಕೂಡ ಎದ್ದಿಲ್ಲ, ನನ್ನ ಕೈ ನನ್ನದೇ, ಸಂಜೆ ಸತ್ಯಮ್ಮನನ್ನು ಹೆಗಲ ಮೇಲೆ ಹೊತ್ತು ಪೇಟೆಗೆ ಹೋಗುತ್ತೇನೆ, ಎರ್ರಣ್ಣನ ಹೋಟೆಲಿನಲ್ಲಿ ಅವಳಿಗೆ ಜಿಲೇಬಿ, ಎಷ್ಟು ದಿನದಿಂದ ಸುಮ್ಮನೆ ಸತ್ತು ಸತ್ತು ಬದುಕಿದೆ, ಹುಚ್ಚ, ಬಲಗೈಯಲ್ಲಿ ಪಕ್ಕೆಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದೆ, ನೋಡಲೇ ಗುರುಬಸಿ, ನೋಡು ಹೆಂಗ ಬಂದೈತಿ ಅಂದೆ, ಅವಳು ನೋಡಲಿಲ್ಲ, ಮೂಗು ಅರಳಿಸಿದಳು, ಏನೋ ಸೀಯಾಕತ್ತೈತ್ರಿ ಅಂದಳು, ಹೌದು, ಗುಲ್ಕಂದಿನ ಒಳಗಿಂದ ಇನ್ನೊಂದು ವಾಸನೆ, ಕೂದಲು ಸುಟ್ಟ ಹಾಗೆ, ಕಟ್ಟಿಗೆ ಕರಕಾಯಿತೇ ಅಂತ ತಿರುಗಿಸಿ ತಿರುಗಿಸಿ ನೋಡಿದೆ, ಒಂದು ಕಲೆ ಇಲ್ಲ, ನಿನ್ನ ಸೆರಗು ನೋಡ್ಕ, ಕೆಂಡಕ್ಕ ಬಿದ್ದೀತು ಅಂದೆ, ಚುರ್ ಅಂತ ಸಣ್ಣಗೆ ಸದ್ದು, ಹನಿ ಯಾಕೆ ಹಾಕಿದೆ ಅಂತ ಕೇಳಬೇಕೆಂದುಕೊಂಡೆ, ಒದ್ದೆ ಬಟ್ಟೆ ಅವಳ ತೊಡೆಯ ಮೇಲಿದೆ, ಅವಳ ಮುಖ ಬೆಳ್ಳಗಾಗಿದೆ, ಕೈ ತಗೀರಿ, ರೀ, ಕೈ ತಗೀರಿ ಅಂದಳು.

ಯಾವ ಕೈ, ಅಂದೆ. ಪೈಪಿನ ಮೇಲೆ ಎರಡು ಬೆರಳು ಮಲಗಿವೆ, ಕಿರುಬೆರಳು, ಉಂಗುರಬೆರಳು, ಹೊಗೆ ಏಳುತ್ತಿದೆ, ಯಾರದೋ ಬೆರಳು, ನೋವಿಲ್ಲ, ಏನೂ ನೋವಿಲ್ಲ, ಗುರುಬಸಮ್ಮ ನನ್ನ ತೋಳು ಹಿಡಿದು ಎಳೆಯುತ್ತಿದ್ದಾಳೆ, ಚಿಕ್ಕಪ್ಪ ಕೆಂಡ ಹಿಡಿದಿದ್ದಾನೆ, ನಗುತ್ತಿದ್ದಾನೆ, ನಾವು ಚಪ್ಪಾಳೆ ಹೊಡೆಯುತ್ತಿದ್ದೇವೆ, ಕೆಂಡ ಹಿಡಿದಿದ್ದಾನೆ, ಎರಡು ಬೆರಳ ನಡುವೆ ಕೆಂಪಗೆ, ಕೆಂಡ ಹಿಡಿದಿದ್ದಾನೆ