ಒಂಬತ್ತು ಪಾದ

ಸತ್ತ ತಮ್ಮನನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು, ರಾಮಲಿಂಗ ಹಿತ್ತಲ ಬಾಗಿಲ ಕಡೆ ದಾಪುಗಾಲು ಹಾಕುತ್ತಿದ್ದ. ನೆಹರು ನಗರದ ಆಸ್ಪತ್ರೆಯಿಂದ ಬಂದ ಆಂಬುಲೆನ್ಸು ಪಾರಿಶ್ವಾಡದ ಅವನ ಮನೆಯ ಮುಂದೆ ಆಗಷ್ಟೇ ನಿಂತಿತ್ತು, ಇಂಜಿನ್ನು ಇನ್ನೂ ಆರಿರಲಿಲ್ಲ. ಸತ್ತ ಬಾಳಪ್ಪನ ಮಗಳು ಸಾಕ್ಷಿ ಇಳಿದು ಓಡಿಬಂದು ಅಡ್ಡ ನಿಂತಳು. ಅಪ್ಪ ಮೂರೂವರೆ ಅಡಿ ಇದ್ದ. ಇವಳು ಅವನಿಗಿಂತ ಎರಡು ಬೆರಳು ಹೆಚ್ಚು. ಅವಳ ತಲೆ ದೊಡ್ಡಪ್ಪನ ಸೊಂಟ ದಾಟುವುದೇ ಕಷ್ಟ.

“ದೊಡ್ಡಪ್ಪ, ಮುಂಬಾಗಲಾ ಆ ಕಡೆ ಐತಿ.”

“ಗೊತ್ತೈತಿ. ನೀ ಸರಿ.”

“ಅಪ್ಪನ್ನ ಕಟ್ಟಿ ಮ್ಯಾಲೆ ಕುಂದರಸ್ರಿ. ಎಲ್ಲಾರೂ ನೋಡ್ಲಿ.”

“ನೋಡೂದೇನೈತಿ ಅದರಾಗ?” ಅಂದವನು ಧ್ವನಿ ತಗ್ಗಿಸಿದ. “ನಂದಗಡದ ಬೀಗರಾಗೋರು ಬಂದಾರ. ನಮ್ಮ ಹುಡಿಗಿ ಸೃಷ್ಟಿ ಲಗ್ನದ ಮಾತುಕತಿ ನಡದೈತಿ. ಈ ರಕ್ತ ನಮ್ಮನ್ಯಾಗ ಐತಿ ಅಂತ ಅವರಿಗೆ ಯಾಕ ತೋರಸೂದು? ವಿಮಾನ ಬ್ಯಾಡ, ಮೆರವಣಿಗಿ ಬ್ಯಾಡ. ಹೊಲದ ಮೂಲ್ಯಾಗ ಸಣ್ಣ ಕುಣಿ ತೋಡಾಕ ಹೇಳೇನಿ. ಹಿಂಗ ಒಯ್ದು ಮಲಗಿಸಿ ಬರೂಣು.”

ಮಲಗಿಸಬೇಕಂತೆ. ಲಿಂಗ ಕಟ್ಟಿಕೊಂಡು ಬಾಳಿದವರನ್ನು ವಿಮಾನದಲ್ಲಿ ಕೂರಿಸಿ, ಮುಖ ಊರಿಗೆಲ್ಲ ಕಾಣುವಂತೆ ಹೊತ್ತು ಒಯ್ಯುತ್ತಾರೆ. ಕುಣಿಯಲ್ಲಿಯೂ ಕೂರಿಸಿಯೇ ಮಣ್ಣು ಕೊಡುತ್ತಾರೆ. ಮಲಗಿಸುವುದು ಹಲ್ಲು ಬಾರದ ಹಸುಗೂಸುಗಳನ್ನು. ಐವತ್ತೆಂಟು ವರ್ಷದ ಮನುಷ್ಯನನ್ನು ಕೂಸು ಮಾಡಲು ಹೊರಟಿದ್ದ ಈ ಪುಣ್ಯಾತ್ಮ. ಸಾಕ್ಷಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಂಬಳಿಯ ಚುಂಗು ಹಿಡಿದವಳು ಬಿಡಲಿಲ್ಲ.

*

ಊರು ಬಿಟ್ಟ ಬಾಳಪ್ಪ ಶಹಾಪುರದ ಮಗ್ಗದ ಓಣಿಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ. ಕರೆಂಟು ಹೋಗಿ ಮಗ್ಗಗಳು ನಿಂತವೆಂದರೆ ಓಣಿಯ ಮಕ್ಕಳು ಬಂದು ಮುತ್ತುತ್ತಿದ್ದರು. ಅವರಿಗೆ ಗೇಣೂರಿನ ಕತೆ ಬೇಕು. ಗೇಣೂರಿನ ಮಂದಿ ಗೇಣುದ್ದ. ಒಮ್ಮೆ ಅವರು ದೈತ್ಯರ ಪಟ್ಟಣಕ್ಕೆ ನೀರು ಕೇಳಲು ಹೋದರು. ಚಿಲಕ ನಿಲುಕಿದವರಿಗಷ್ಟೇ ಒಳಗೆ ದಾರಿ ಎಂದ ಕಾವಲಿನವನು. ಗೇಣಿನವರು ವಾಪಸು ಹೋಗಲಿಲ್ಲ. ಅಗಸಿಬಾಗಿಲ ಮುಂದೆಯೇ ಒಲೆ ಹೂಡಿ, ರೊಟ್ಟಿ ಸುಟ್ಟುಕೊಂಡು, ಹಾಡಿಕೊಂಡು ಕೂತರು. ಅವರನ್ನು ತುಳಿಯದೆ ದೈತ್ಯರಿಗೆ ಹೊರಬರಲು ಆಗದು, ತುಳಿಯಲು ನಾಚಿಕೆ.

“ಅಪ್ಪಾ, ದೊಡ್ಡವರಾಗೂ ಮಂತ್ರ ಯಾಕ ಕಲೀಲಿಲ್ಲ ಅವರು?” ಎಂದು ಆರು ವರ್ಷದ ಸಾಕ್ಷಿ ಕೇಳಿದ್ದಳು.

“ಅಷ್ಟೆತ್ತರ ಆದಮ್ಯಾಲೆ ಧೈರ್ಯ ಯಾತಕ್ಕ ಬೇಕವ್ವ?”

ಅಂದು ಬೆಳಿಗ್ಗೆ ಸಾಲೆಯಲ್ಲಿ ದೊಡ್ಡ ಹುಡುಗರು ಅವಳನ್ನು ಕಪಾಟಿನ ಮೇಲೆ ಎತ್ತಿ ಕೂರಿಸಿ ನಕ್ಕಿದ್ದರು. ಮರುದಿನ ಬಾಳಪ್ಪ ಕೆಲಸ ಬಿಟ್ಟು ಅವಳ ಜೊತೆ ಸಾಲೆಗೆ ಬಂದ. ಕೊನೆಯ ಗಂಟೆ ಹೊಡೆಯುವವರೆಗೂ ಅವಳ ಬಾಜೂಕೇ ಬೆಂಚಿನಲ್ಲಿ ಕೂತ. ಬೆಂಚಿನ ಕೆಳಗೆ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಅದು ಅವಳೊಬ್ಬಳಿಗೇ ಗೊತ್ತಿತ್ತು.

*

“ಬಿಡವ್ವಾ,” ರಾಮಲಿಂಗ ಹಲ್ಲು ಕಚ್ಚಿದ. “ಮಂದಿ ನಗತಾರ.”

“ನಗಲಿ. ನಮಗ ರೂಢಿ ಐತಿ. ನಿಮಗಿಲ್ಲ, ಅಷ್ಟ.”

ನೀರಿನ ಕೊಡ ತಂದಿದ್ದ ರಾಮಲಿಂಗನ ಹೆಂಡತಿ ಶಿವಬಸವ್ವ ಅದನ್ನು ಕೆಳಗಿಟ್ಟಳು. “ರೀ, ನಮ್ಮಪ್ಪ ಈ ಮನಿ ನೋಡಾಕ ಬಂದ ದಿನಾ ಮೈದುನನ್ನ ಮೇವಿನ ಖೋಲ್ಯಾಗ ಕುಂದರಿಸಿ ಚಿಲಕಾ ಹಾಕಿದ್ರಿ. ಲಗ್ನ ಆದಮ್ಯಾಲೆ ನನಗ ತಿಳೀತು. ಅವತ್ತ ಹ್ವಾದ ಮನಷ್ಯಾ ಮತ್ತ ಈ ಹೊಸ್ತಿಲಾ ದಾಟಲಿಲ್ಲ. ಇವತ್ತಾರ ಮುಂಬಾಗಲದಾಗ ಬರಲಿ.”

“ಬೀಗರು…”

“ಬೀಗರಿಗೆ ನಾ ಹೇಳ್ತೀನಿ. ಇದನ್ನ ನೋಡಿ ಬ್ಯಾಡ ಅನ್ನೋರು ನಮ್ಮ ಹುಡಿಗೀಗೂ ಬ್ಯಾಡ.”

ಮಠದ ಚನ್ನಬಸಯ್ಯನವರು ಕಟ್ಟೆಯಿಂದ ಎದ್ದು ಬಂದರು. ಕಂಬಳಿ ಸರಿಸಿ, ಬಾಳಪ್ಪನ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ದಾರ ಹಿಡಿದು ಗಂಟು ಹಾಕಿದರು. “ಕುಣಿ ಒಂಬತ್ತು ಪಾದ. ಸತ್ತವರ ಪಾದದ ಅಳತಿ. ಊರ ಗೌಡಗೂ ಒಂಬತ್ತ, ಇವಗೂ ಒಂಬತ್ತ. ಎಂಟ ಮಾಡಾಕ ನನಗ ಬರೂದಿಲ್ಲ, ರಾಮಲಿಂಗ. ಮೂಲ್ಯಾಗಿನ ಕುಣಿ ಮುಚ್ಚಸು.”

ರಾಮಲಿಂಗ ಯಾರ ಮುಖವನ್ನೂ ನೋಡಲಿಲ್ಲ. ಸುತ್ತಿ ಬಂದು, ಮುಂಬಾಗಿಲ ಹೊಸ್ತಿಲು ದಾಟಿಸಿ, ತಮ್ಮನನ್ನು ಒಳಗಿನ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ. ನಂದಗಡದವರಲ್ಲಿ ಒಬ್ಬರು ಎದ್ದು ಹೊರಗೆ ಹೋದರು. ಇನ್ನೊಬ್ಬರು ಬಂದು ವಿಭೂತಿ ಹಚ್ಚಿದರು.

ಮಧ್ಯಾಹ್ನ ಬಿದಿರಿನ ವಿಮಾನ ಎದ್ದಿತು. ಎಡಗಡೆ ಮುಂದಿನ ಬೊಂಬಿಗೆ ಸಾಕ್ಷಿ ಹೋಗಿ ನಿಂತಳು. ಹೆಣ್ಣುಮಕ್ಕಳು ಹೆಗಲು ಕೊಡುವ ಪದ್ಧತಿ ಇಲ್ಲ ಎಂದು ಯಾರೋ ಅಂದರು; ಚನ್ನಬಸಯ್ಯನವರು ಇರಲಿ ಎಂದು ಕೈ ಮಾಡಿದರು. ಅವಳ ಹೆಗಲಿಗೆ ಬೊಂಬು ಇಳಿದದ್ದೇ ವಿಮಾನ ವಾಲಿ, ಬಾಳಪ್ಪನ ತಲೆ ಅವಳ ಕಡೆ ಜರುಗಿತು.

“ಬೀಳತೈತಿ, ಬಿಡವ್ವ ಸಾಕ್ಷಿ,” ಎಂದರು ಹಿಂದಿನವರು.

ಅವಳು ಬೊಂಬನ್ನು ಇನ್ನೂ ಬಿಗಿಯಾಗಿ ಹಿಡಿದಳು. ಬಿಡಲಿಲ್ಲ.

ಬಲಗಡೆ ಮುಂದೆ ರಾಮಲಿಂಗ ಇದ್ದ. ವಾಲಿದ ತಮ್ಮನ ಮುಖ ನೋಡಿದ. ಹೆಗಲ ಮೇಲಿನ ಬೊಂಬನ್ನು ಇಳಿಸಿ, ಎರಡೂ ಕೈಯಲ್ಲಿ ಸೊಂಟದ ಮಟ್ಟಕ್ಕೆ ಹಿಡಿದ. ಹಿಂದಿನ ಇಬ್ಬರು ಮುಖ ಮುಖ ನೋಡಿಕೊಂಡು ತಾವೂ ಇಳಿಸಿದರು. ಬಾಳಪ್ಪ ನೆಟ್ಟಗೆ ಕೂತ.

“ಹೂಂ, ನಡೀರಿ,” ಎಂದ ರಾಮಲಿಂಗ.

ಕಟ್ಟೆಗಳ ಮೇಲೆ ನಿಂತಿದ್ದ ಮಕ್ಕಳು ಕತ್ತೆತ್ತದೆಯೇ ಬಾಳಪ್ಪನ ಮುಖ ನೋಡಿದರು. ಹೊತ್ತ ಗಂಡಸರು ಮಾತ್ರ ಊರು ದಾಟುವವರೆಗೂ ಬಗ್ಗಿಯೇ ನಡೆದರು.